ರಟ್ಟಿನ ಮೇಲೊಂದು ಖಾಲಿ ತೂತು

ಸೋಮವಾರ ಬೆಳಗ್ಗೆ ಎಂಟೂ ಇಪ್ಪತ್ತಕ್ಕೆ ಹಲ್ಲಿನ ಡಾಕ್ಟರು ಠಾಣೆಯ ಮೆಟ್ಟಿಲು ಹತ್ತಿದರು. ಫಿರ್ಯಾದನ್ನು ಟೈಪು ಮಾಡಿಸಿಕೊಂಡೇ ಬಂದಿದ್ದರು. ಅಷ್ಟು ಸಾಲದು ಎಂಬಂತೆ ಕಳ್ಳನನ್ನೂ ತಾವೇ ಆರಿಸಿ ತಂದಿದ್ದರು. ಅವರ ಮನೆಯ ಕಾವಲುಗಾರ ಠಾಣೆಯ ಬಾಗಿಲಲ್ಲಿ ಚಪ್ಪಲಿ ಕಳಚಿ, ಒಳಗೆ ಬರಬಹುದೋ ಬಾರದೋ ತಿಳಿಯದೆ ಹೊಸ್ತಿಲ ಮೇಲೆ ನಿಂತಿದ್ದ.

ಇನ್‌ಸ್ಪೆಕ್ಟರ್ ಫಿರ್ಯಾದನ್ನು ಎರಡು ಸಲ ಓದಿದಳು. ನಿಜವಾಗಿ ಕಳೆದುಕೊಂಡವರ ಕಾಗದದಲ್ಲಿ ಒಂದಾದರೂ ಹೊಡೆದುಹಾಕಿದ ಸಾಲಿರುತ್ತದೆ ಎಂಬುದು ಸರ್ವೀಸು ಆಕೆಗೆ ಕಲಿಸಿದ ಪಾಠ. ಈ ಕಾಗದ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಡಾಕ್ಟರ ಬಳಿ ಒಂದು ಪುರಾತನ ಕಾರಿದೆ. ಓಣಿಯವರೆಲ್ಲ ಅದನ್ನು 'ಅಜ್ಜಿ' ಅನ್ನುತ್ತಾರೆ. ಭಾನುವಾರ ಮನೆಯವರೆಲ್ಲ ನೆಂಟರ ಮನೆಗೆ ಊಟಕ್ಕೆ ಹೋಗಿದ್ದಾಗ ಅದರ ಎಂಜಿನ್ನಿನ ಹೆಡ್ಡನ್ನು, ಅಂದರೆ ಸಿಲಿಂಡರುಗಳ ಬಾಯಿ ಮುಚ್ಚುವ ಕಬ್ಬಿಣದ ಮುಚ್ಚಳವನ್ನು, ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಆ ಕಂಪನಿ ಮುಚ್ಚಿ ಎರಡು ತಲೆಮಾರು ಕಳೆದಿದೆ, ಭಾಗ ಎಲ್ಲೂ ಸಿಗುವುದಿಲ್ಲ. ಬುಧವಾರ ಕಾರು ಪ್ರದರ್ಶನಕ್ಕೆ ಹೋಗಬೇಕು. ಅನುಮಾನ ಕಾವಲುಗಾರನ ಮೇಲೆ.

"ಬೀಗ ಒಡೆದಿದ್ದಾರಾ?"

"ಇಲ್ಲ."

"ಕೀಲಿ ಯಾರ ಹತ್ರ ಇರುತ್ತೆ?"

"ಒಂದು ನನ್ನ ಹತ್ರ. ಇನ್ನೊಂದು ಇವನ ಗೂಡಿನಲ್ಲಿ ಮೊಳೆಗೆ ನೇತಾಡ್ತಿರುತ್ತೆ."

"ಮೂರನೇದು?"

"ಮೂರನೇದು ಇಲ್ಲ."

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು. ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಂಡಳು. ಎಫ್‌ಐಆರ್ ದಾಖಲಾಯಿತು. ಕಾವಲುಗಾರನನ್ನು ಬೆಂಚಿನ ಮೇಲೆ ಕೂರಿಸಿದರು. ಬಡವನನ್ನು ಬೆಂಚಿನ ಮೇಲೆ ಕೂರಿಸಲು ಯಾವ ವಾರಂಟೂ ಬೇಡ, ಯಜಮಾನ ಒಂದು ಸಲ ಗದ್ದ ಎತ್ತಿ ತೋರಿಸಿದರೆ ಸಾಕು.

ಹತ್ತೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಡಾಕ್ಟರ ಗ್ಯಾರೇಜು ಹಲವರ ಮನೆಗಿಂತ ಚೊಕ್ಕಟವಾಗಿತ್ತು. ನಡುವೆ ಕಡುಹಸಿರು ಬಣ್ಣದ ಅಜ್ಜಿ, ಬಾನೆಟ್ಟಿನ ಎರಡೂ ರೆಕ್ಕೆ ಎತ್ತಿಕೊಂಡು ನಿಂತಿದ್ದಳು. ಮೀಸೆ ದಫೇದಾರ ಒಳಗೆ ಬಗ್ಗಿ ನೋಡಿದವನು ಬಗ್ಗಿದ ಹಾಗೇ ಉಳಿದ.

"ಮೇಡಂ, ಇವನು ಕಳ್ಳನೋ ಆಪರೇಷನ್ ಮಾಡೋ ಡಾಕ್ಟ್ರೋ?"

ಆಕೆಯೂ ಬಗ್ಗಿದಳು. ಬಾಯಿ ತೆರೆದುಕೊಂಡ ನಾಲ್ಕು ಸಿಲಿಂಡರುಗಳ ಮೇಲೆ ಎಣ್ಣೆಯಲ್ಲಿ ಅದ್ದಿದ ಶುದ್ಧ ಬಟ್ಟೆ ಹೊದಿಸಿ, ಅಂಚುಗಳನ್ನು ಒಳಗೆ ಸಿಕ್ಕಿಸಿತ್ತು, ಧೂಳು ಬೀಳದಿರಲೆಂದು. ರೇಡಿಯೇಟರಿನ ನೀರು ನೆಲಕ್ಕೆ ಚೆಲ್ಲಿರಲಿಲ್ಲ. ಬಕೆಟ್ಟಿನಲ್ಲಿ ಹಿಡಿದು ಮುಚ್ಚಿಟ್ಟಿತ್ತು. ಹೆಡ್ಡಿನ ಕೆಳಗೆ ಕೂರುವ ತಾಮ್ರದ ಗ್ಯಾಸ್ಕೆಟ್ಟನ್ನು ಒರೆಸಿ ಗೋಡೆಯ ಮೊಳೆಗೆ ತೂಗುಹಾಕಿತ್ತು. ಬೆಂಚಿನ ಮೇಲೆ ಒಂದು ರಟ್ಟು. ಅದರ ಮೇಲೆ ಹೆಡ್ಡಿನ ಆಕಾರವನ್ನೇ ಗೀಚಿ, ಬೋಲ್ಟಿನ ಜಾಗಕ್ಕೆಲ್ಲ ತೂತು ಕೊರೆದು, ಯಾವ ನಟ್ಟು ಎಲ್ಲಿತ್ತೋ ಅಲ್ಲೇ ಅದನ್ನು ಕೂರಿಸಿತ್ತು, ಮರಳಿ ಹಾಕುವಾಗ ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದೆಂದು.

ಒಂದು ತೂತು ಮಾತ್ರ ಖಾಲಿ.

"ಈ ಒಂದು ನಟ್ಟು ಎಲ್ಲಿ?"

"ಉರುಳಿ ಹೋಗಿರುತ್ತೆ," ಅಂದರು ಡಾಕ್ಟರು. ಅವರು ರಟ್ಟಿನ ಕಡೆ ನೋಡಲಿಲ್ಲ.

ಕಾನ್‌ಸ್ಟೇಬಲ್‌ಗಳು ನೆಲವನ್ನು ಅಂಗೈಯಿಂದ ಸವರಿದರು. ಸಿಗಲಿಲ್ಲ. ದಫೇದಾರ ಮೀಸೆ ಕೆರೆದುಕೊಂಡ.

"ನಮ್ಮಪ್ಪ, ದೊಡ್ಡಪ್ಪ ಪಾಲಾದಾಗ ಹೀಗೇ ಇತ್ತು ಮೇಡಂ. ಅಪ್ಪ ತನ್ನ ಪಾಲಿಗೆ ಬಂದ ಬಾಗಿಲು ಕಳಚ್ಕೊಂಡ. ಚಿಲಕ ದೊಡ್ಡಪ್ಪ ತಂದಿದ್ದು ಅಂತ ಅದನ್ನ ಮಾತ್ರ ಬಿಚ್ಚಿ, ಒರೆಸಿ, ಕಿಟಕೀಲಿ ಇಟ್ಟು ಬಂದ. ಆಮೇಲೆ ಸಾಯೋವರೆಗೂ ಆ ಕಡೆ ತಿರುಗಿ ನೋಡ್ಲಿಲ್ಲ."

ಇನ್‌ಸ್ಪೆಕ್ಟರ್ ಮತ್ತೆ ರಟ್ಟಿನ ಕಡೆ ನೋಡಿದಳು. ಕಳ್ಳ ಸಿಕ್ಕಿದ್ದನ್ನು ಬಾಚುತ್ತಾನೆ. ಇವನು ಆರಿಸಿದ್ದಾನೆ. ತನ್ನದಲ್ಲದ್ದನ್ನು ಒರೆಸಿ ಬಿಟ್ಟುಹೋಗಿದ್ದಾನೆ.

"ಗಾಡಿ ಕೆಲಸ ಎಲ್ಲ ಯಾರು ಮಾಡಿದ್ದು ಡಾಕ್ಟ್ರೇ?"

"ನಾನೇ. ಹನ್ನೊಂದು ವರ್ಷದ ತಪಸ್ಸು. ಕೈಯಾಳಾಗಿ ಕೂಲಿಯವನೊಬ್ಬ ಬರ್ತಿದ್ದ. ಬರ್ತಿರ್ತಾರೆ, ಹೋಗ್ತಿರ್ತಾರೆ, ಅಂಥವರನ್ನೆಲ್ಲ ಯಾರು ನೆನಪಿಟ್ಕೋತಾರೆ?"

ಹನ್ನೊಂದು ವರ್ಷ ಗ್ರೀಸಿನಲ್ಲಿ ಆಡಿದ್ದೇನೆ ಎನ್ನುವ ಕೈಯ ಉಗುರುಗಳು ಹಾಲುಬಿಳುಪಾಗಿದ್ದವು. ಗೋಡೆಯ ಮೇಲೆ ಚೌಕಟ್ಟು ಹಾಕಿದ ಫೋಟೊ ಇತ್ತು. ಅಜ್ಜಿಯ ಪಕ್ಕದಲ್ಲಿ ಡಾಕ್ಟರು ನಗುತ್ತಿದ್ದರು. ಚೌಕಟ್ಟಿಗೆ ಹಿಡಿಸಲಿ ಎಂದೋ ಏನೋ ಫೋಟೊದ ಬಲಬದಿಯನ್ನು ಕತ್ತರಿಸಿತ್ತು. ಆದರೂ ಡಾಕ್ಟರ ಹೆಗಲ ಮೇಲೆ ನಾಲ್ಕು ಬೆರಳು ಉಳಿದುಕೊಂಡಿದ್ದವು. ಆ ಬೆರಳುಗಳ ಉಗುರು ಕಪ್ಪಗಿತ್ತು.

ಕದ್ದ ಕಬ್ಬಿಣ ಕೊನೆಗೆ ಸೇರುವುದು ಗುಜರಿಗೆ. ಮಧ್ಯಾಹ್ನ ಹನ್ನೆರಡೂವರೆಗೆ ಇನ್‌ಸ್ಪೆಕ್ಟರ್, ದಫೇದಾರ ಇಬ್ಬರೂ ಗುಜರಿ ಸಾಹುಕಾರನ ಅಂಗಳದಲ್ಲಿದ್ದರು. ಸುತ್ತ ಬಾಗಿಲುಗಳಿಲ್ಲದ ಕಾರುಗಳು, ಕಾರುಗಳಿಲ್ಲದ ಬಾಗಿಲುಗಳು. ಸಾಹುಕಾರ ಟಯರಿನ ಮೇಲೆ ಸಿಂಹಾಸನ ಹಾಕಿಕೊಂಡವನಂತೆ ಕೂತಿದ್ದ.

"ಅಜ್ಜಿ ಹೆಡ್ಡಾ? ಅಯ್ಯೋ, ಅದರ ಕತೆ ನನ್ನನ್ನ ಕೇಳಿ! ಡಾಕ್ಟ್ರೂ ಭಾವನೂ ಜೋಡೆತ್ತಿನ ಹಾಗೆ ಬರ್ತಿದ್ರು. ಮಗಳಿಗೆ ಗಂಡು ಹುಡುಕೋರು ಅಷ್ಟು ಅಲೆದಿರಲ್ಲ."

"ಭಾವ ಯಾರು?"

"ಲೇತ್ ಮೆಕ್ಯಾನಿಕ್ಕು. ಡಾಕ್ಟ್ರು ಅವನಿಗೆ ಭಾವ ಅಂತಾರೆ, ಅವನೂ ಡಾಕ್ಟ್ರಿಗೆ ಭಾವ ಅಂತಾನೆ. ಸಂಬಂಧ ಏನೂ ಇಲ್ಲ, ಸಲಿಗೆ. ಈಗ ಊರೆಲ್ಲ ಅವನಿಗೆ ಭಾವ ಅಂತಲೇ ಕರೆಯೋದು. ನನ್ನ ಹೆಂಡ್ತೀನೂ ಹಾಗೇ ಕರೀತಾಳೆ, ಏನ್ ಮಾಡೋದು?"

ಅವನು ಹೇಳಿದ್ದು ಇಷ್ಟು. ಕಾರಿನ ಮೂಲ ಹೆಡ್ಡು ಬಿರುಕು ಬಿಟ್ಟಿತ್ತು, ನೀರು ಎಂಜಿನ್ ಎಣ್ಣೆಗೆ ಇಳಿದು ಕಾಫಿಯ ಬಣ್ಣಕ್ಕೆ ತಿರುಗುತ್ತಿತ್ತು. ವೆಲ್ಡಿಂಗ್ ಮಾಡಿಸಿದರು, ಪಕ್ಕದಲ್ಲೇ ಇನ್ನೊಂದು ಕಡೆ ಸೀಳಿತು. ಹಡಗುಕಟ್ಟೆಯ ಗುಜರಿ, ಮಿಲಿಟರಿ ಹರಾಜು, ಮುಚ್ಚಿಹೋದ ಗಿರಣಿಯ ಉಗ್ರಾಣ, ಒಂದನ್ನೂ ಬಿಡಲಿಲ್ಲ. ಒಂದು ಸಿಕ್ಕಿದರೆ ತೂತು ಹೊಂದುತ್ತಿರಲಿಲ್ಲ, ತೂತು ಹೊಂದಿದರೆ ನೀರಿನ ದಾರಿ ಬೇರೆ.

"ಕೊನೆಗೆ ಎಲ್ಲಿ ಸಿಕ್ತು?"

"ಭಾವನ ಮನೇಲೇ! ಅವನಪ್ಪ ಅದೇ ಕಂಪನಿ ಟ್ಯಾಕ್ಸಿ ಓಡಿಸ್ತಿದ್ದ. ಅಪ್ಪ ಹೋದ, ಟ್ಯಾಕ್ಸೀನೂ ಹೋಯ್ತು. ಎಂಜಿನ್ ಒಂದನ್ನ ಮಾತ್ರ ಇವನು ಲೇತ್ ಪಕ್ಕದಲ್ಲಿ ಗೋಣಿ ಹೊದಿಸಿ ಇಟ್ಕೊಂಡಿದ್ದ. ಅದರ ಹೆಡ್ ಬಿಚ್ಚಿ ಕೊಟ್ಟ. ಇಲ್ಲೇ, ಈ ಜಾಗದಲ್ಲೇ ನಿಂತು ಡಾಕ್ಟ್ರು ಅತ್ಬಿಟ್ರು ಮೇಡಂ. 'ಭಾವ, ಗಾಡಿ ನನ್ನದಲ್ಲ, ನಮ್ಮದು. ಈ ಊರು ಬಿಟ್ಟು ಎಲ್ಲೂ ಹೋಗಲ್ಲ. ಮೊದಲನೇ ಸವಾರಿ ನಿನ್ನ ತಾಯೀದು' ಅಂದ್ರು."

"ಸವಾರಿ ಆಯ್ತಾ?"

ಸಾಹುಕಾರ ಮೂಗಿನ ತುದಿ ಉಜ್ಜಿದ. "ಮಾತು ಮೇಡಂ. ಮಾತಿಗೆ ಗುಜರೀಲೂ ರೇಟಿಲ್ಲ."

ಮೂರು ಗಂಟೆಗೆ ಡಾಕ್ಟರ ಗೇಟಿನ ಮುಂದೆ ಒಂದು ಚಪ್ಪಟೆ ಲಾರಿ ಬಂದು ನಿಂತಿತು. ಪಹರೆಗೆ ಬಿಟ್ಟಿದ್ದ ಕಾನ್‌ಸ್ಟೇಬಲ್ ಫೋನು ಮಾಡಿದ. ಇನ್‌ಸ್ಪೆಕ್ಟರ್ ಹೋಗುವಷ್ಟರಲ್ಲಿ ಲಾರಿ ಚಾಲಕ ಹಗ್ಗ, ಕೊಕ್ಕೆಗಳನ್ನು ಇಳಿಸುತ್ತಿದ್ದ.

"ಬುಧವಾರ ಅಲ್ವೇನ್ರೀ ಪ್ರದರ್ಶನ?"

"ಯಾವ ಪ್ರದರ್ಶನ? ಬುಧವಾರ ಹಡಗು ಹೊರಡುತ್ತೆ. ನಮಗೆ ಬಂದರಿಗೆ ಬಾಡಿಗೆ."

"ವಾಪಸ್ ಯಾವಾಗ?"

ಅವನು ನಕ್ಕ. "ಸಮುದ್ರ ದಾಟಿದ್ದು ವಾಪಸ್ ಬರುತ್ತಾ ಮೇಡಂ? ಮಾರಾಟ ಆಗಿದೆ. ಮೆಕ್ಯಾನಿಕ್‌ಗೆ ಎಲ್ಲ ಗೊತ್ತು, ಕೇಳಿ."

"ಯಾವ ಮೆಕ್ಯಾನಿಕ್?"

"ಹೆಸರು ಗೊತ್ತಿಲ್ಲ. ಕೊಕ್ಕೆ ಎಲ್ಲಿ ಹಾಕಬೇಕು, ತೂಕ ಎಷ್ಟು ಅಂತ ಡಾಕ್ಟ್ರನ್ನ ಕೇಳಿದೆ. 'ಅದೆಲ್ಲ ನನ್ನ ಮೆಕ್ಯಾನಿಕ್‌ನ ಕೇಳು' ಅಂತ ನಂಬರ್ ಕೊಟ್ರು. ಶುಕ್ರವಾರ ಫೋನ್ ಮಾಡ್ದೆ. ಬಂದರಿಗೆ ಅಂದ ತಕ್ಷಣ ಆ ಕಡೆ ಸದ್ದೇ ಇಲ್ಲ. ಲೈನ್ ಕಟ್ಟಾಯ್ತು ಅಂದ್ಕೊಂಡೆ. ಆಮೇಲೆ ಹೇಳಿದ: 'ಕೊಕ್ಕೆ ಮುಂದಿನ ಬಂಪರಿಗೆ ಹಾಕಬೇಡಿ, ಆಕ್ಸಲ್ಲಿಗೆ ಹಾಕಿ. ಬಟ್ಟೆ ಸುತ್ತಿ ಹಾಕಿ, ಬಣ್ಣ ಕೆರೆಯುತ್ತೆ.' ಒಳ್ಳೇ ಮನುಷ್ಯ."

ಇನ್‌ಸ್ಪೆಕ್ಟರ್ ಮಹಡಿಯ ಕಿಟಕಿಯ ಕಡೆ ನೋಡಿದಳು. ಪರದೆ ಸರಿದು ಮತ್ತೆ ಮುಚ್ಚಿಕೊಂಡಿತು. ಹನ್ನೊಂದು ವರ್ಷ ಭಾವ ಅಂದ ಮನುಷ್ಯನಿಗೆ ಮಾರಾಟದ ಸುದ್ದಿ ಹೇಳಲು ಬಾಯಿ ಬರಲಿಲ್ಲ; ಕೊಕ್ಕೆಯ ಜಾಗ ಹೇಳಲು ಮಾತ್ರ ಅವನೇ ಬೇಕಾಯಿತು. ಮರೆಮಾಚುವಷ್ಟೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಅವನನ್ನು.

ಠಾಣೆಗೆ ಮರಳಿದಾಗ ಕಾವಲುಗಾರ ಬೆಂಚಿನ ಅದೇ ತುದಿಯಲ್ಲಿದ್ದ. ಬೆಳಗ್ಗಿನಿಂದ ಕೊಟ್ಟ ನೀರನ್ನು ಮುಟ್ಟಿರಲಿಲ್ಲ. ಆಕೆ ಕುರ್ಚಿ ಎಳೆದುಕೊಂಡು ಅವನೆದುರಿಗೆ ಕೂತಳು.

"ಗ್ಯಾರೇಜಿನ ಮೂರನೇ ಕೀಲಿ ಯಾರ ಹತ್ರ ಇದೆ?"

ಅವನು ನೆಲ ನೋಡಿದ.

"ಇದೆ ಅಲ್ವಾ?"

"ಸಾಹೇಬ್ರು ಇಲ್ಲ ಅಂದ್ರಲ್ಲಮ್ಮ. ಅವರು ಇಲ್ಲ ಅಂದ್ಮೇಲೆ ನಾನು ಹೇಗೆ ಇದೆ ಅನ್ನಲಿ?"

"ನಿನ್ನನ್ನ ಜೈಲಿಗೆ ಹಾಕಿದ್ರೆ?"

"ಆಗ್ಲೂ ಅವರದೇ ಮನೆ ಕಾಯೋಕೆ ಬರಬೇಕಲ್ಲಮ್ಮ."

ದಫೇದಾರ ಗೋಡೆಯ ಕಡೆ ತಿರುಗಿ ಕೆಮ್ಮಿದ. ಇನ್‌ಸ್ಪೆಕ್ಟರ್ ಮುಟ್ಟದ ನೀರಿನ ಲೋಟವನ್ನು ಇನ್ನಷ್ಟು ಹತ್ತಿರ ಸರಿಸಿದಳು. ಕೊನೆಗೆ ಕಾವಲುಗಾರನೇ ಹೇಳಿದ. ಕೀಲಿ ಭಾವನ ಹತ್ತಿರ ಇದೆ. ಭಾನುವಾರ ಮಧ್ಯಾಹ್ನ ಎಂದಿನಂತೆ ಬಂದರು, ಎಂದಿನಂತೆ ಕೆಲಸ ಮಾಡಿದರು, ಸೈಕಲ್ಲಿನ ಹಿಂದೆ ಗೋಣಿಗಂಟು ಕಟ್ಟಿಕೊಂಡು ಹೋದರು. ಹೋಗುವಾಗ 'ಭಾವ ಬಂದ್ರೆ ರಟ್ಟು ನೋಡೋಕೆ ಹೇಳು' ಎಂದರು. ಸಾಯಂಕಾಲ ಸಾಹೇಬರು ಬಂದರು. ಹೇಳಿದೆ. ಹೋಗಿ ನೋಡಿದರು.

"ನೋಡಿ ಏನಂದ್ರು?"

"ಏನೂ ಅನ್ಲಿಲ್ಲ. ಬಹಳ ಹೊತ್ತು ನಿಂತ್ಕೊಂಡಿದ್ರು. ಬೆಳಗ್ಗೆ ನನ್ನ ಕರೆದು, ಗಾಡಿ ಹತ್ತು ಅಂದ್ರು."

ಅಂದರೆ ಡಾಕ್ಟರಿಗೆ ಭಾನುವಾರವೇ ಗೊತ್ತಿತ್ತು. ಭಾವನ ಹೆಸರು ಹೇಳಿದರೆ 'ಯಾಕೆ ಒಯ್ದ' ಎಂಬ ಪ್ರಶ್ನೆ ಏಳುತ್ತದೆ. ಕಾವಲುಗಾರನ ವಿಷಯದಲ್ಲಿ ಯಾರೂ 'ಯಾಕೆ' ಎಂದು ಕೇಳುವುದಿಲ್ಲ. ಬಡತನವೇ ಅವನ ಉದ್ದೇಶ, ಬೇರೆ ಪುರಾವೆ ಏಕೆ? ನಾಲ್ಕು ಬಿದ್ದರೆ ಸುದ್ದಿ ಲೇತ್ ಅಂಗಡಿಗೆ ಮುಟ್ಟುತ್ತದೆ, ಹೆಡ್ಡು ತಾನಾಗಿ ಮರಳುತ್ತದೆ. ಇನ್‌ಸ್ಪೆಕ್ಟರಿಗೆ ಒಳಗೇ ಉರಿಯಿತು. ಠಾಣೆಯನ್ನೇ ಒಂದು ಸ್ಪ್ಯಾನರು ಮಾಡಿಕೊಂಡಿದ್ದರು ಮಹಾರಾಯರು.

"ಇವನನ್ನ ಮನೆಗೆ ಬಿಟ್ಟು ಬನ್ನಿ," ಎಂದಳು. "ಜೀಪಿನಲ್ಲಿ. ಮುಂದಿನ ಸೀಟಿನಲ್ಲಿ ಕೂರಿಸಿ."

ಐದೂ ಕಾಲಿಗೆ ರಟ್ಟನ್ನು ಕಂಕುಳಲ್ಲಿ ಹಿಡಿದು ಆಕೆ ಲೇತ್ ಅಂಗಡಿಗೆ ಹೋದಳು. ಹಿಂದೆ ಇಬ್ಬರು ಪಂಚರು, ದಫೇದಾರ. ತಗಡಿನ ಮಾಡು, ಕಪ್ಪು ನೆಲ, ಸುರುಳಿ ಸುರುಳಿಯಾಗಿ ಬಿದ್ದ ಲೋಹದ ಸಿಪ್ಪೆ. ಒಳಬಾಗಿಲಲ್ಲಿ ಮುದುಕಿಯೊಬ್ಬಳು ಕೂತು ಹಳೆಯ ಸ್ವೆಟರು ಬಿಚ್ಚಿ ಉಂಡೆ ಸುತ್ತುತ್ತಿದ್ದಳು. ಮೆಕ್ಯಾನಿಕ್ ಏನನ್ನೋ ಅರದಿಂದ ಉಜ್ಜುತ್ತಿದ್ದವನು ತಲೆ ಎತ್ತಿ ರಟ್ಟನ್ನು ನೋಡಿದ, ಆಕೆಯ ಟೋಪಿಯನ್ನು ನೋಡಿದ, ಹಿಂದೆ ಇನ್ನಾರಾದರೂ ಇದ್ದಾರೆಯೇ ಎಂದು ರಸ್ತೆಯವರೆಗೂ ನೋಡಿದ.

"ಭಾವ ಬರ್ಲಿಲ್ವಾ?"

"ಇಲ್ಲ."

"ನನ್ನ ಹೆಸರು ಹೇಳಿದ್ನಾ?"

"ಇಲ್ಲ. ಕಾವಲುಗಾರನ ಹೆಸರು ಬರೆಸಿದ್ರು. ಬೆಳಗ್ಗಿನಿಂದ ಠಾಣೇಲಿದ್ದ."

ಅರ ಅವನ ಕೈಯಿಂದ ಜಾರಲಿಲ್ಲ. ಅವನೇ ಅದನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ. ಆದರೆ ಮುಖದಲ್ಲಿ ಏನೋ ಒಂದು, ಹನ್ನೊಂದು ವರ್ಷ ಬಿಗಿಯಾಗಿದ್ದದ್ದು, ಎಳೆ ತಪ್ಪಿ ತಿರುಗಿತು.

"ಅವನನ್ನ? ಅವನೇನು ಮಾಡಿದ್ದ? ಬಿಟ್ಬಿಡಿ ಮೇಡಂ ಅವನನ್ನ."

"ಬಿಟ್ಟಾಯ್ತು."

"ನಿನ್ನೆ ಸಾಯಂಕಾಲದಿಂದ ಕಾಯ್ತಿದ್ದೆ. ರಟ್ಟು ನೋಡ್ತಾನೆ, ಖಾಲಿ ತೂತು ನೋಡ್ತಾನೆ, ಓಡಿ ಬರ್ತಾನೆ ಅಂತ. ಬೈಲಿ, ಕೊರಳಪಟ್ಟಿ ಹಿಡೀಲಿ, ನಾನೂ ಬೈತೀನಿ, ಅವನು ಅಳ್ತಾನೆ, ಅವನಿಗೆ ಅಳು ಬೇಗ. ಎರಡು ಲೋಟ ತೊಳೆದಿಟ್ಟಿದ್ದೆ." ಬೆಂಚಿನ ಮೂಲೆಯಲ್ಲಿ ಎರಡು ಗಾಜಿನ ಲೋಟ ಬೋರಲಾಗಿದ್ದವು. "ಠಾಣೆಗೆ ಹೋಗ್ತಾನೆ ಅಂದ್ಕೊಂಡಿರ್ಲಿಲ್ಲ."

"ಕೇಳಬಹುದಿತ್ತಲ್ಲ, ಯಾಕೆ ಮಾರಿದೆ ಅಂತ?"

"ಮಾರಿದ್ದಕ್ಕೆ ಅಲ್ಲ ಮೇಡಂ. ಗಾಡಿ ಅವನ ಹೆಸರಲ್ಲಿತ್ತು, ಮಾರಲಿ. ಹೋದ ವಾರ ಬಂದು, 'ಪ್ರದರ್ಶನಕ್ಕೆ ಭಾವ, ಚೆನ್ನಾಗಿ ಟ್ಯೂನ್ ಮಾಡು, ಅಮ್ಮನ್ನ ಮುಂದೆ ಕೂರಿಸ್ಕೊಂಡು ಹೋಗೋಣ' ಅಂದ. ವಾರ ಪೂರ್ತಿ ಅಂಗಡಿ ಮುಚ್ಚಿ ಉಜ್ಜಿದೀನಿ. ಅಮ್ಮ ಸೀರೆ ಇಸ್ತ್ರಿ ಮಾಡಿಟ್ಟಿದಾಳೆ. ನನ್ನ ಕೈಯಲ್ಲೇ ಸಿಂಗಾರ ಮಾಡಿಸಿ ಕಳಿಸ್ತಿದ್ದ. ನನ್ನ ಕೈಯಲ್ಲೇ."

ದಫೇದಾರ ಮಾಮೂಲಿನಂತೆ ಕೇಳಿದ: "ಕೂಲಿ ಬಾಕಿ ಏನಾದ್ರೂ ಇತ್ತಾ?"

"ಕೂಲಿ?"

"ಕೂಲಿಯವನು ಅಂತ ಡಾಕ್ಟ್ರು ಹೇಳಿಕೇಲಿ ಬರೆಸಿದಾರೆ."

ಮೆಕ್ಯಾನಿಕ್ ಲೇತಿನ ಪಕ್ಕಕ್ಕೆ ಹೋಗಿ ಗೋಣಿ ಎಳೆದ. ಅಪ್ಪನ ಟ್ಯಾಕ್ಸಿಯ ಎಂಜಿನ್ನು ಮರದ ದಿಮ್ಮಿಗಳ ಮೇಲೆ ಕೂತಿತ್ತು, ತಲೆ ಸಮೇತ. ಕಬ್ಬಿಣದ ನಟ್ಟುಗಳ ಸಾಲಿನ ನಡುವೆ ಒಂದು ಹಿತ್ತಾಳೆಯದು, ನಿನ್ನೆ ಉಜ್ಜಿದ್ದು, ಹೊಳೆಯುತ್ತಿತ್ತು.

"ಬಿಸಿನೀರು ತಿರುಗೋ ಜಾಗ. ಅಲ್ಲಿ ಕಬ್ಬಿಣ ಹಾಕಿದ್ರೆ ತುಕ್ಕು ಹಿಡಿದು ಕಚ್ಕೊಳ್ಳುತ್ತೆ. ಅಪ್ಪ ಹಿತ್ತಾಳೇಲಿ ತಾನೇ ಕೊರೆದು ಹಾಕಿದ್ದ. ರಟ್ಟಿನ ಮೇಲಿರೋದೆಲ್ಲ ಭಾವ ತರಿಸಿದ್ದು. ಅದನ್ನ ನಾನು ಮುಟ್ಟಿಲ್ಲ."

ಬಾಗಿಲಲ್ಲಿ ಉಂಡೆ ಸುತ್ತುವುದು ನಿಂತಿತ್ತು. "ಯಾರಪ್ಪಾ ಅದು?" ಅಂದಳು ಮುದುಕಿ. ಅವಳ ಕಣ್ಣು ಮಂಜಾಗಿತ್ತು. "ಭಾವ ಬಂದ್ನಾ? ಗಾಡಿ ತಂದ್ನಾ?"

ಮೆಕ್ಯಾನಿಕ್ ಗೋಣಿಯನ್ನು ಮಡಚತೊಡಗಿದ.

ಇನ್‌ಸ್ಪೆಕ್ಟರ್ ಡಾಕ್ಟರಿಗೆ ಅಲ್ಲಿಂದಲೇ ಫೋನು ಮಾಡಿದಳು. ಹೆಡ್ಡು ಇವರದು, ನೀವೇ ಒಪ್ಪಿದರೆ ಇದು ಕಳ್ಳತನವಾಗುವುದಿಲ್ಲ, ಒಂದು ಮಾತು ಹೇಳಿ ಎಂದಳು. ಪೊಲೀಸು ಹೀಗೆ ಬೇಡಿಕೊಳ್ಳುವುದು ಅಪರೂಪ. ಆ ಕಡೆಯಿಂದ ಬಂದದ್ದು ಇಷ್ಟೇ: "ಕೊಟ್ಟಿದ್ದು ಕೊಟ್ಟಿದ್ದೇ. ವಾಪಸ್ ತಗೊಳ್ಳೋ ಷರತ್ತು ಎಲ್ಲಾದ್ರೂ ಬರೆದಿತ್ತಾ?"

ಬರೆದಿರಲಿಲ್ಲ. ಭಾವಂದಿರು ಬರೆದುಕೊಳ್ಳುವುದಿಲ್ಲ. ಕಾನೂನು ಎಂಬುದು ಯಾರ ಮನೆಯಲ್ಲಿ ಕಾಗದ ಇದೆಯೋ ಅವರ ಮನೆಯ ನಾಯಿ. ಬರೀ ಮಾತನ್ನು ನಂಬಿದವನನ್ನು ಅದು ಕಚ್ಚುತ್ತದೆ.

ಜಪ್ತಿ ಮಾಡಬೇಕೆಂದರೆ ಹೆಡ್ಡನ್ನು ಬಿಚ್ಚಬೇಕು. ದಫೇದಾರ ಸ್ಪ್ಯಾನರು ಎತ್ತಿಕೊಂಡು ನಡುವಿನ ನಟ್ಟಿಗೆ ಕೈಹಾಕಿದ.

"ಅಯ್ಯೋ ಅಲ್ಲಿಂದ ಬೇಡ!" ಮೆಕ್ಯಾನಿಕ್ ಮುಂದೆ ಬಂದ. "ಅಂಚಿನಿಂದ ನಡುವಿಗೆ ಬರಬೇಕು. ಸ್ವಲ್ಪ ಸ್ವಲ್ಪ ಸಡಿಲ ಮಾಡ್ತಾ. ಇಲ್ದಿದ್ರೆ ಹೆಡ್ ಡೊಂಕಾಗುತ್ತೆ. ಕೊಡಿ ಇಲ್ಲಿ."

ಹೀಗೆ ಆರೋಪಿ ತನ್ನ ಮೇಲಿನ ಸಾಕ್ಷ್ಯವನ್ನು ತಾನೇ, ಸರಿಯಾದ ಕ್ರಮದಲ್ಲಿ, ಒಂದು ಗೀರೂ ಬೀಳದ ಹಾಗೆ ಬಿಚ್ಚಿ ಪಂಚರ ಮುಂದಿಟ್ಟ. ಹಿತ್ತಾಳೆಯ ನಟ್ಟನ್ನು ಕೊನೆಗೆ ಬಿಚ್ಚಿದ. ಆಮೇಲೆ ತೆರೆದ ಸಿಲಿಂಡರುಗಳಿಗೆ ಬಟ್ಟೆ ಹೊದಿಸಿ, ಕೈ ಒರೆಸಿಕೊಂಡು, ಎರಡೂ ಕೈ ಮುಂದೆ ಚಾಚಿದ. ಸಂಜೆ ಆರೂ ಹತ್ತಕ್ಕೆ ದಸ್ತಗಿರಿ ಎಂದು ಠಾಣಾ ಡೈರಿಯಲ್ಲಿ ದಾಖಲಾಯಿತು. ಬೇಡಿ ಹಾಕಲಿಲ್ಲ ಎಂಬುದು ಅದರಲ್ಲಿ ಇಲ್ಲ.

ಮರುದಿನ ನ್ಯಾಯಾಲಯದ ಅಂಗಳ. ಡಾಕ್ಟರ ವಕೀಲರು ತುರ್ತು ಅರ್ಜಿ ಹಾಕಿದ್ದರು, ಹಡಗು ಕಾಯುವುದಿಲ್ಲವಲ್ಲ. ಜಪ್ತಿಯಾದ ಮುದ್ದೆಮಾಲನ್ನು ಫಿರ್ಯಾದಿದಾರರ ವಶಕ್ಕೆ ಕೊಡಲು ಆದೇಶವಾಯಿತು. ಡಾಕ್ಟರ ಹೊಸ ಮೆಕ್ಯಾನಿಕ್, ಒಗೆದ ಬಟ್ಟೆಯವನು, ಹೆಡ್ಡನ್ನು ಎತ್ತಿಕೊಂಡ. ಹಿತ್ತಾಳೆಯ ನಟ್ಟನ್ನು ಬೆರಳಲ್ಲಿ ಹೊರಳಿಸಿ ನೋಡಿ ಮರಳಿ ಕೊಟ್ಟ.

"ಇದು ಕಂಪನೀದಲ್ಲ. ತಗೊಳ್ಳೋರು ಎಲ್ಲ ಒರಿಜಿನಲ್ ಇರಬೇಕು ಅಂದಿದ್ದಾರೆ."

ಹತ್ತು ಹೆಜ್ಜೆ ಆಚೆ ಡಾಕ್ಟರು ಫೋನಿನಲ್ಲಿ ಮಾತಾಡುತ್ತ, ಜೀಪಿನ ಕಡೆ ಬೆನ್ನು ಮಾಡಿ ನಿಂತಿದ್ದರು.

ಇನ್‌ಸ್ಪೆಕ್ಟರ್ ನಟ್ಟನ್ನು ಲಕೋಟೆಗೆ ಹಾಕಿ ಅರಗಿನ ಮೊಹರು ಮಾಡಿಸಿದಳು. ಕೇಸು ಮುಗಿಯುವವರೆಗೆ ಅದನ್ನು ಯಾರಿಗೂ ಕೊಡುವಂತಿಲ್ಲ, ಅದರ ಒಡೆಯನಿಗೂ. ಆ ದಿನದ ತನಿಖಾ ವರದಿಯಲ್ಲಿ 'ಕೃತ್ಯದ ಉದ್ದೇಶ' ಎಂಬಲ್ಲಿ ಡಾಕ್ಟರ ವಕೀಲರು 'ದುರಾಸೆ' ಎಂದು ಸೂಚಿಸಿದ್ದರು. ಆಕೆ ಬರೆದಳು: 'ಆರೋಪಿಯು ತಾನು ಕೊಟ್ಟದ್ದನ್ನು ಮಾತ್ರ ತೆಗೆದುಕೊಂಡಿರುತ್ತಾನೆ. ಗೆಳೆಯನು ಬಂದು ಜಗಳವಾಡಲಿ ಎಂಬುದು ಉದ್ದೇಶವಾಗಿದ್ದಿತು.' ಮೇಲಧಿಕಾರಿ ಅದನ್ನು ಹೊಡೆದುಹಾಕುತ್ತಾರೆಂದು ಗೊತ್ತಿದ್ದೇ ಬರೆದಳು.

ಜೀಪಿನಲ್ಲಿ ಕೂತಿದ್ದ ಮೆಕ್ಯಾನಿಕ್ ಎಲ್ಲವನ್ನೂ ನೋಡುತ್ತಿದ್ದ. ದಫೇದಾರ ಹತ್ತಿರ ಬಂದಾಗ ಕಿಟಕಿಯಿಂದ ಬಗ್ಗಿದ.

"ಆ ಜಾಗಕ್ಕೆ ಕಬ್ಬಿಣದ್ದು ಹಾಕ್ತಾರೆ ಅಲ್ವಾ? ಕಚ್ಕೊಂಡ್ರೆ ಮುಂದೆ ಬಿಚ್ಚುವಾಗ ಬೋಲ್ಟೇ ಮುರಿದುಹೋಗುತ್ತೆ. ಸ್ವಲ್ಪ ಗ್ರೀಸ್ ಆದ್ರೂ ಹಚ್ಚಲಿ. ಒಂದು ಮಾತು ಹೇಳ್ಬಿಡಿ."

"ಯಾರಿಗೆ, ನಿಮ್ಮ ಭಾವನಿಗಾ?"

ಮೆಕ್ಯಾನಿಕ್ ಅಂಗಳದಾಚೆಯ ಆ ಬೆನ್ನನ್ನು ನೋಡಿದ.

"ಡಾಕ್ಟರಿಗೆ," ಅಂದ.